ಮನೆಯವರು ಫೀಲ್ಡ್‌ನಲ್ಲಿದ್ದಾಗ ಮನೆ ಸಾಗಿಸುವುದು ಹೇಗೆ? ಸೈನಿಕ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಯೂನಿಟ್ ಪೀಸ್ ಸ್ಟೇಷನ್ (ಕುಟುಂಬ ಜೊತೆಗಿರಬಹುದಾದ ಊರು) ಬಿಟ್ಟು ಫೀಲ್ಡ್‌ಗೆ, ಅಂದರೆ ಕುಟುಂಬ ಕರೆದೊಯ್ಯಲಾಗದ ಗಡಿಯಂಥ ಜಾಗಕ್ಕೆ ಹೊರಟರೆ ಗಂಡ ಯೂನಿಟ್ ಜೊತೆ ಹೋಗಿಬಿಡುತ್ತಾರೆ. ಕ್ವಾರ್ಟರ್ಸ್ ಖಾಲಿ ಮಾಡುವುದು, ಮಕ್ಕಳ ಟಿಸಿ ತೆಗೆಸುವುದು, ಸಾಮಾನು ಕಟ್ಟಿಸುವುದು ಎಲ್ಲವೂ ಹೆಂಡತಿಯ ಪಾಲಿಗೆ ಬರುತ್ತದೆ. ಇನ್ನು ಕೆಲವರ ಕಥೆ ಉಲ್ಟಾ. ಗಂಡ ಗಡಿಯಲ್ಲಿರುವಾಗಲೇ ಪೀಸ್‌ಗೆ ಪೋಸ್ಟಿಂಗ್ ಬರುತ್ತದೆ, ಊರಿನಲ್ಲಿರುವ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನೋಡದ ಊರಿಗೆ ಹೊರಡಬೇಕಾಗುತ್ತದೆ.

ಕೊಡಗು, ಹಾಸನ, ಬೆಳಗಾವಿ ಕಡೆಯ ಹೆಣ್ಣುಮಕ್ಕಳು ಕೇಳುತ್ತಿರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹೆಚ್ಚಿನದು ಭೂಸೇನೆಯ ರೂಢಿ. ನೌಕಾಪಡೆ, ವಾಯುಪಡೆಯಲ್ಲಿ ಕಚೇರಿಗಳ ಹೆಸರು ಬೇರೆ ಇರಬಹುದು, ಕೆಲಸ ಹೆಚ್ಚುಕಡಿಮೆ ಇದೇ. ಎಲ್ಲ ಉತ್ತರಗಳ ಹಿಂದೆ ಇರುವ ಮಾತು ಒಂದೇ. ಅವರ ಸಹಿ ಬೇಕಾದ ಕೆಲಸ ಯಾವುದು, ನಿಮ್ಮಿಂದಲೇ ಆಗುವ ಕೆಲಸ ಯಾವುದು ಎಂದು ಮೊದಲೇ ಬೇರೆ ಮಾಡಿ. ಸಹಿಯ ಕೆಲಸ ಅವರು ಹೊರಡುವ ಮುಂಚೆ ಮುಗಿಯಲಿ. ಉಳಿದದ್ದಕ್ಕೆ ಅವರ ಫೋನ್‌ಗೆ ಕಾಯಬೇಡಿ, ನೀವೇ ತೀರ್ಮಾನ ಮಾಡಿ.

ಪೋಸ್ಟಿಂಗ್ ಬಂದಿದೆ ಅಂತ ಸುದ್ದಿ. ಈಗಲೇ ಸಾಮಾನು ಕಟ್ಟಬೇಕಾ?

ಬೇಡ. ಸುದ್ದಿ ಬೇರೆ, ಆರ್ಡರ್ ಬೇರೆ. ಯೂನಿಟ್‌ಗಳಲ್ಲಿ ಲಂಗರ್ ಗಪ್ ಅಂತ ಒಂದು ಮಾತಿದೆ. ಅಡುಗೆಮನೆ ಹತ್ತಿರ ಹುಟ್ಟುವ ಗಾಳಿಸುದ್ದಿ ಅದು. ಅದನ್ನು ನಂಬಿ ಮನೆಗೆ ಅಡ್ವಾನ್ಸ್ ಕೊಟ್ಟರೆ ದುಡ್ಡು ಹೋಗುತ್ತದೆ. ಪೋಸ್ಟಿಂಗ್ ಆರ್ಡರ್ ಬಂದಿದೆಯೇ, ಯಾವ ತಿಂಗಳು ಹೊರಡಬೇಕು, ಹೊಸ ಜಾಗದಲ್ಲಿ ಕುಟುಂಬ ಇಟ್ಟುಕೊಳ್ಳಬಹುದೇ ಎಂಬ ಮೂರು ವಿಷಯ ಖಚಿತ ಮಾಡಿಕೊಳ್ಳಿ. ಅಲ್ಲಿಯವರೆಗೆ ದುಡ್ಡು ಖರ್ಚಾಗದ ಕೆಲಸ ಮಾಡಿ. ಕಾಗದಪತ್ರ ಜೋಡಿಸಿ, ಬೇಡದ ಸಾಮಾನು ಕಡಿಮೆ ಮಾಡಿ, ಶಾಲೆಗಳ ಬಗ್ಗೆ ವಿಚಾರಿಸಿ.

ಅವರು ಹೊರಡುವ ಮುಂಚೆ ಯಾವ ಯಾವುದಕ್ಕೆ ಸಹಿ ಹಾಕಿಸಿಕೊಳ್ಳಬೇಕು?

ಇದೊಂದು ಸರಿ ಇದ್ದರೆ ಅರ್ಧ ಕಷ್ಟ ಇಲ್ಲ.

ಮೊದಲು ಬ್ಯಾಂಕ್. ಸಂಬಳದ ಖಾತೆ ಅವರೊಬ್ಬರ ಹೆಸರಿನಲ್ಲಿದ್ದರೆ ಜಂಟಿ ಮಾಡಿಸಿ. 'ಇಬ್ಬರಲ್ಲಿ ಯಾರಾದರೂ' ಎಂಬ ನಿಯಮದಲ್ಲಿ ಇರಲಿ. ಎಟಿಎಂ ಕಾರ್ಡ್ ಕೈಲಿದ್ದರೆ ಸಾಕು ಅನ್ನುವವರು ಇದ್ದಾರೆ. ಸಾಲದು. ಅವರ ಮೊಬೈಲಿಗೆ ಬರುವ ಒಟಿಪಿ ಸಿಗ್ನಲ್ ಇಲ್ಲದ ಪೋಸ್ಟ್‌ನಲ್ಲಿ ಬಿದ್ದಿದ್ದರೆ ನೀವು ಏನು ಮಾಡುತ್ತೀರಿ? ನಿಮ್ಮ ನಂಬರಿಗೆ ಒಟಿಪಿ ಬರುವ, ನೀವೇ ನಡೆಸುವ ಖಾತೆ ಒಂದು ಇರಲೇಬೇಕು.

ಎರಡನೆಯದು ದಾಖಲೆಯಲ್ಲಿ ನಿಮ್ಮ ಹೆಸರು. ಮದುವೆ, ಮಕ್ಕಳ ಜನನ ಎಲ್ಲವೂ ಯೂನಿಟ್‌ನ ಪಾರ್ಟ್ ಟು ಆರ್ಡರ್‌ನಲ್ಲಿ, ಅಂದರೆ ಸೈನಿಕರ ವೈಯಕ್ತಿಕ ವಿವರ ದಾಖಲಿಸುವ ಆದೇಶದಲ್ಲಿ ಬಂದಿರಬೇಕು. ಅದು ಬರದಿದ್ದರೆ ಡಿಪೆಂಡೆಂಟ್ ಕಾರ್ಡ್, ಕ್ಯಾಂಟೀನ್ ಕಾರ್ಡ್, ಮಿಲಿಟರಿ ಆಸ್ಪತ್ರೆ ಎಲ್ಲ ಕಡೆ ತೊಂದರೆ. ನಮ್ಮ ಕಡೆಯವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ನಮ್ಮ ಹೆಸರಿನ ಹಿಂದೆ ಮುಂದೆ ಇನಿಶಿಯಲ್ ಇರುತ್ತದೆ, ಮನೆತನದ ಹೆಸರು ಇರುತ್ತದೆ. ಆಧಾರ್‌ನಲ್ಲಿ ಒಂದು ರೀತಿ, ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು ರೀತಿ, ಸೇನೆಯ ದಾಖಲೆಯಲ್ಲಿ ಮತ್ತೊಂದು. ಉತ್ತರ ಭಾರತದ ಕ್ಲರ್ಕ್ ಒಬ್ಬರು ಇನಿಶಿಯಲ್ ಬಿಡಿಸಿ ಬರೆದಿದ್ದರೆ ಅದು ಬೇರೆ ಹೆಂಗಸಿನ ಹೆಸರಿನಂತೆ ಕಾಣುತ್ತದೆ. ಎಲ್ಲ ಕಡೆ ಒಂದೇ ಅಕ್ಷರ ಇರುವಂತೆ ಮಾಡಿಸಿ. ಸಮಯ ಹಿಡಿಯುವ ಕೆಲಸ, ಅದಕ್ಕೇ ಬೇಗ ಶುರು ಮಾಡಿ ಅನ್ನುವುದು.

ಮೂರನೆಯದು ನಾಮಿನೇಷನ್. ಆರ್ಮಿ ಗ್ರೂಪ್ ಇನ್ಶೂರೆನ್ಸ್, ಪ್ರಾವಿಡೆಂಟ್ ಫಂಡ್, ಬ್ಯಾಂಕ್ ಖಾತೆಗಳಲ್ಲಿ ಯಾರ ಹೆಸರಿದೆ ಎಂದು ನೋಡಿ. ಮದುವೆಗೆ ಮುಂಚೆ ಸೇರಿದವರ ಕಾಗದದಲ್ಲಿ ಹಳೆಯ ಹೆಸರೇ ಉಳಿದಿರುವುದುಂಟು. ಈ ಮಾತು ಎತ್ತಲು ಸಂಕೋಚ ಬೇಡ. ಅಪಶಕುನವೂ ಅಲ್ಲ. ಮಕ್ಕಳಿಗೋಸ್ಕರ ಕೇಳುತ್ತಿದ್ದೀರಿ ಅಷ್ಟೇ.

ಉಳಿದದ್ದು ಚಿಕ್ಕ ಚಿಕ್ಕ ಪತ್ರಗಳು. ಮಕ್ಕಳ ಟಿಸಿಗೆ ಅರ್ಜಿ, ಗ್ಯಾಸ್ ಏಜೆನ್ಸಿಗೆ ಒಪ್ಪಿಗೆ ಪತ್ರ, ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಬೇಕಾದ ಫಾರಂ 28. ಬರೆದು, ಸಹಿ ಹಾಕಿಸಿ, ಅವರ ಗುರುತಿನ ದಾಖಲೆಯ ಪ್ರತಿ ಜೊತೆ ಇಡಿ. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಿಸಬೇಡಿ. ಅದು ಯಾರ ಕೈಗಾದರೂ ಸಿಕ್ಕರೆ ಅಪಾಯ.

ಪವರ್ ಆಫ್ ಅಟಾರ್ನಿ ಬೇಕೇ ಬೇಕಾ?

ಬರೀ ಮನೆ ಬದಲಾಯಿಸಲು ಸಾಮಾನ್ಯವಾಗಿ ಬೇಕಿಲ್ಲ. ಬಾಡಿಗೆ ಕರಾರು ನಿಮ್ಮ ಹೆಸರಿನಲ್ಲೇ ಮಾಡಿಸಬಹುದು. ಆಸ್ತಿ ಕೊಳ್ಳುವುದು, ಮಾರುವುದು, ಊರಿನ ಜಮೀನು ಪಾಲು ಮಾಡುವುದು ಇದ್ದರೆ ಬೇಕು. ಆಗ ಎಲ್ಲಕ್ಕೂ ಅಧಿಕಾರ ಕೊಡುವ ಜನರಲ್ ಪತ್ರದ ಬದಲು, ಆ ಒಂದು ಕೆಲಸಕ್ಕೆ ಮಾತ್ರ ಸ್ಪೆಷಲ್ ಪವರ್ ಆಫ್ ಅಟಾರ್ನಿ ಮಾಡಿಸುವುದು ಒಳ್ಳೆಯದು. ಆಸ್ತಿ ನೋಂದಣಿಗೆ ಬಳಸುವ ಪತ್ರ ಸಬ್ ರಿಜಿಸ್ಟ್ರಾರ್ ಮುಂದೆ ಆಗಬೇಕು. ಹಾಗಾಗಿ ಇದು ರಜೆಯಲ್ಲೇ ಮುಗಿಸುವ ಕೆಲಸ.

ಊರಿನಲ್ಲಿ ಜಮೀನಿನ ಕೇಸು ನಡೆಯುತ್ತಿದ್ದರೆ ಒಂದು ವಿಷಯ ತಿಳಿದಿರಲಿ. 1925ರ ಭಾರತೀಯ ಸೈನಿಕರ ದಾವೆ ಕಾಯ್ದೆ ಈಗಲೂ ಇದೆ. ವಿಶೇಷ ಸನ್ನಿವೇಶದಲ್ಲಿ ಸೇವೆಯಲ್ಲಿರುವ ಸೈನಿಕನ ಗೈರುಹಾಜರಿಯಲ್ಲಿ ಕೇಸು ಮುಂದುವರಿಯದಂತೆ ತಡೆಯಲು ಅದರಲ್ಲಿ ಅವಕಾಶವಿದೆ. ವಕೀಲರಿಗೆ ಇದನ್ನು ನೆನಪಿಸಿ. ಎಲ್ಲ ವಕೀಲರಿಗೂ ಗೊತ್ತಿರುವುದಿಲ್ಲ.

ಅವರು ಫೀಲ್ಡ್‌ಗೆ ಹೋದ ಮೇಲೆ ನಾವು ಎಲ್ಲಿರಬೇಕು? ಅತ್ತೆ ಮಾವ ಊರಿಗೇ ಬಾ ಅನ್ನುತ್ತಾರೆ.

ಸಾಮಾನ್ಯವಾಗಿ ಮೂರು ದಾರಿ. ಈಗಿರುವ ಕ್ವಾರ್ಟರ್ಸನ್ನೇ ಸ್ವಲ್ಪ ಕಾಲ ಉಳಿಸಿಕೊಳ್ಳುವುದು, ಎಸ್‌ಎಫ್ (ಸೆಪರೇಟೆಡ್ ಫ್ಯಾಮಿಲಿ) ಕ್ವಾರ್ಟರ್ಸ್‌ಗೆ ಅರ್ಜಿ ಹಾಕುವುದು, ಇಲ್ಲವೇ ಊರಿಗೆ ಅಥವಾ ಬಾಡಿಗೆ ಮನೆಗೆ ಹೋಗುವುದು.

ಕ್ವಾರ್ಟರ್ಸ್ ಉಳಿಸಿಕೊಳ್ಳಲು ಸ್ಟೇಷನ್ ಹೆಡ್‌ಕ್ವಾರ್ಟರ್ಸ್, ಅಂದರೆ ಆ ಊರಿನ ಸೇನಾ ಆಡಳಿತ ಕಚೇರಿಯ ಅನುಮತಿ ಬೇಕು. ಮಗು ಬೋರ್ಡ್ ಪರೀಕ್ಷೆಯ ವರ್ಷದಲ್ಲಿದ್ದರೆ ಅದನ್ನು ಅರ್ಜಿಯಲ್ಲಿ ಬರೆಯಿರಿ, ಶಾಲೆಯ ಪತ್ರ ಲಗತ್ತಿಸಿ. ಅವಧಿ ಮೀರಿ ಉಳಿದರೆ ಡ್ಯಾಮೇಜ್ ರೆಂಟ್, ಅಂದರೆ ದಂಡದ ರೂಪದ ಹೆಚ್ಚಿನ ಬಾಡಿಗೆ ಬೀಳುತ್ತದೆ. ಅದು ನೇರವಾಗಿ ಸಂಬಳದಿಂದ ಕಡಿತವಾಗುತ್ತದೆ. ಕೊನೆಯ ದಿನ ಯಾವುದು ಎಂದು ಬರವಣಿಗೆಯಲ್ಲೇ ತಿಳಿದುಕೊಳ್ಳಿ.

ಎಸ್‌ಎಫ್ ಅಂದರೆ ಗಂಡ ಫೀಲ್ಡ್‌ನಲ್ಲಿರುವ ಕುಟುಂಬಗಳಿಗೆಂದೇ ಇಟ್ಟಿರುವ ಮನೆಗಳು. ಕಾಯುವ ಪಟ್ಟಿ ಇರುತ್ತದೆ. ಅರ್ಜಿ ಯೂನಿಟ್ ಮೂಲಕವೇ ಹೋಗಬೇಕು. ಸುತ್ತಲೂ ನಿಮ್ಮಂಥವರೇ ಇರುತ್ತಾರೆ, ಶಾಲಾ ಬಸ್ಸು, ಆಸ್ಪತ್ರೆ, ಕ್ಯಾಂಟೀನ್ ಹತ್ತಿರವಿರುತ್ತದೆ. ಚಿಕ್ಕ ಮಕ್ಕಳಿರುವವರಿಗೆ ನಾನು ಹೇಳುವುದು ಇದನ್ನೇ.

ಊರಿಗೆ ಹೋದರೆ ಖರ್ಚು ಕಡಿಮೆ, ಜನ ಜಾಸ್ತಿ. ಅದೂ ಒಳ್ಳೆಯದೇ. ಆದರೆ ಎರಡು ವಿಷಯ ಯೋಚಿಸಿ. ಹತ್ತಿರದ ಮಿಲಿಟರಿ ಆಸ್ಪತ್ರೆ ಎಲ್ಲಿದೆ? ಬೆಂಗಳೂರಿನಲ್ಲಿ ಕಮಾಂಡ್ ಆಸ್ಪತ್ರೆ ಇದೆ, ಬೆಳಗಾವಿಯಲ್ಲಿ ಮಿಲಿಟರಿ ಆಸ್ಪತ್ರೆ ಇದೆ, ಕಾರವಾರದಲ್ಲಿ ನೌಕಾಪಡೆಯ ಪತಂಜಲಿ ಆಸ್ಪತ್ರೆ ಇದೆ. ಮಡಿಕೇರಿಯಿಂದಲೋ ಸಕಲೇಶಪುರದಿಂದಲೋ ಇವೆಲ್ಲ ದೂರ. ಎರಡನೆಯದು, ಎರಡು ವರ್ಷ ಕಳೆದ ಮೇಲೆ ಮಕ್ಕಳು ಮತ್ತೆ ಸಿಬಿಎಸ್‌ಇ ಶಾಲೆಗೆ ಹೋಗಬೇಕಾದರೆ ಈಗ ಸೇರಿಸುವ ಶಾಲೆ ಅದಕ್ಕೆ ಹೊಂದುತ್ತದೆಯೇ? ಅತ್ತೆ ಮಾವನ ಹತ್ತಿರ ಈ ಎರಡನ್ನೇ ಮುಂದಿಟ್ಟು ಮಾತನಾಡಿ. ಮೊಮ್ಮಕ್ಕಳ ಓದು, ಆರೋಗ್ಯ ಅಂದರೆ ಹಿರಿಯರು ಕೇಳುತ್ತಾರೆ. ಗಂಡನ ಕೈಲಿ ಫೋನ್‌ನಲ್ಲಿ ಹೇಳಿಸುವುದಕ್ಕಿಂತ ನೀವೇ ಕೂತು ಹೇಳುವುದು ವಾಸಿ.

ಯಾವ ದಾರಿ ಹಿಡಿದರೂ ಕುಟುಂಬ ಎಲ್ಲಿದೆ ಎಂಬುದು ಯೂನಿಟ್‌ನ ದಾಖಲೆಗೆ ಹೋಗಲಿ. ಮನೆ ಬಾಡಿಗೆ ಭತ್ಯೆಯ ಲೆಕ್ಕವೂ ಅದರ ಮೇಲೆ ನಿಂತಿದೆ.

ಮಕ್ಕಳ ಶಾಲೆ ವರ್ಷದ ಮಧ್ಯೆ ಬದಲಾದರೆ ಸೀಟು ಸಿಗುತ್ತಾ?

ಕೇಂದ್ರೀಯ ವಿದ್ಯಾಲಯದಲ್ಲಿ ಓದುತ್ತಿರುವ ಮಗುವಿಗೆ ಸುಲಭ. ಪೋಷಕರ ವರ್ಗಾವಣೆ ಆದಾಗ ಒಂದು ಕೆವಿಯ ಟಿಸಿ ಮೇಲೆ ಇನ್ನೊಂದು ಕೆವಿಗೆ ಸೇರಿಸಲು ನಿಯಮದಲ್ಲೇ ದಾರಿ ಇದೆ. ಹೆಚ್ಚಿನವರಿಗೆ ಗೊತ್ತಿಲ್ಲದ ಮಾತು ಇನ್ನೊಂದಿದೆ. ಗಂಡನಿಗೆ ಕುಟುಂಬ ಇಟ್ಟುಕೊಳ್ಳಲಾಗದ ಜಾಗಕ್ಕೆ ಪೋಸ್ಟಿಂಗ್ ಆಗಿ, ನೀವು ನಿಮ್ಮ ಇಷ್ಟದ ಊರಿಗೆ ಹೋಗುತ್ತಿದ್ದರೂ ಈ ಸೌಲಭ್ಯ ಉಂಟು. ಪೋಸ್ಟಿಂಗ್ ಆರ್ಡರ್ ಪ್ರತಿ ಮತ್ತು ಅದು ನಾನ್ ಫ್ಯಾಮಿಲಿ ಸ್ಟೇಷನ್ ಎಂಬ ಯೂನಿಟ್‌ನ ಪತ್ರ ಇಟ್ಟುಕೊಳ್ಳಿ. ಹೊಸದಾಗಿ ಸೇರುವವರಿಗೂ ವರ್ಗಾವಣೆಗಳ ಸಂಖ್ಯೆ ಲೆಕ್ಕಕ್ಕೆ ಬರುತ್ತದೆ. ಅದರ ಸರ್ಟಿಫಿಕೇಟನ್ನೂ ಯೂನಿಟ್‌ನಿಂದ ತರಿಸಿ.

ಆರ್ಮಿ ಪಬ್ಲಿಕ್ ಶಾಲೆಗಳನ್ನು 1983ರಲ್ಲಿ ಶುರುವಾದ ಆರ್ಮಿ ವೆಲ್‌ಫೇರ್ ಎಜುಕೇಷನ್ ಸೊಸೈಟಿ ನಡೆಸುತ್ತದೆ. ಅಲ್ಲಿನ ಶಿಕ್ಷಕರಿಗೆ ಮಧ್ಯದಲ್ಲಿ ಬರುವ ಮಕ್ಕಳು ಹೊಸದಲ್ಲ. ಅಪ್ಪ ಎಲ್ಲಿದ್ದಾರೆ ಎಂದು ಮಗುವನ್ನು ಸುಮ್ನೆ ಕೆದಕುವುದೂ ಇಲ್ಲ.

9 ಮತ್ತು 11ನೇ ತರಗತಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕು ಎಂದು ಯೋಚಿಸುವಾಗ ಮುಂದಿನ ವರ್ಷದ ಪೋಸ್ಟಿಂಗ್ ಬಗ್ಗೆಯೂ ಯೋಚಿಸಿ. ಸಿಬಿಎಸ್‌ಇಯಲ್ಲಿ 10 ಮತ್ತು 12ಕ್ಕೆ ನೇರವಾಗಿ ಶಾಲೆ ಬದಲಾಯಿಸಲು ಬೋರ್ಡ್ ಅನುಮತಿ ಬೇಕು. ಪೋಷಕರ ವರ್ಗಾವಣೆಯನ್ನು ಕಾರಣವಾಗಿ ಒಪ್ಪುತ್ತಾರೆ, ಆದರೆ ಹಿಂದಿನ ವಿಷಯಗಳು ಹೊಸ ಶಾಲೆಯಲ್ಲೂ ಇರಬೇಕಲ್ಲವಾ? ಎರಡನೇ ಭಾಷೆಯಾಗಿ ಕನ್ನಡ ತೆಗೆದುಕೊಂಡ ಮಗು ಜಮ್ಮುವಿಗೋ ಜೋಧಪುರಕ್ಕೋ ಹೋದರೆ ಏನು ಗತಿ ಎಂದು ಮೊದಲೇ ಕೇಳಿಕೊಳ್ಳಿ.

ರಾಜ್ಯ ಪಠ್ಯಕ್ರಮದ ಶಾಲೆಯಿಂದ ಹೊರರಾಜ್ಯಕ್ಕೆ ಹೋಗುವುದಾದರೆ ಟಿಸಿಗೆ ಬಿಇಒ ಮೇಲುಸಹಿ ಕೇಳುವುದುಂಟು. ಊರಲ್ಲಿರುವಾಗಲೇ ಹಾಕಿಸಿ. ನಮ್ಮ ಶಾಲೆಗಳು ಬೇಸಿಗೆ ರಜೆ ಮುಗಿದ ಮೇಲೆ ತೆರೆಯುತ್ತವೆ, ಸಿಬಿಎಸ್‌ಇ ಏಪ್ರಿಲ್‌ನಲ್ಲೇ ಶುರು. ಈ ಎರಡು ತಿಂಗಳ ವ್ಯತ್ಯಾಸದಲ್ಲಿ ಮಗು ಹಿಂದೆ ಬೀಳದಂತೆ ಪುಸ್ತಕ ಮೊದಲೇ ತರಿಸಿಕೊಳ್ಳಿ.

ಪದೇ ಪದೇ ಶಾಲೆ ಬದಲಾಯಿಸಲು ಮನಸ್ಸಿಲ್ಲದವರಿಗೆ ವಸತಿ ಶಾಲೆಗಳೂ ಇವೆ. ವಿಜಯಪುರ ಮತ್ತು ಕೊಡಗಿನ ಕೂಡಿಗೆಯಲ್ಲಿ ಸೈನಿಕ ಶಾಲೆ, ಬೆಳಗಾವಿ ಮತ್ತು ಬೆಂಗಳೂರಿನಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆ. 6 ಮತ್ತು 9ನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಯುತ್ತದೆ. ಸೈನಿಕರ ಮಕ್ಕಳಿಗೆ ಮೀಸಲು ಸೀಟುಗಳಿವೆ.

ಕ್ವಾರ್ಟರ್ಸ್ ಖಾಲಿ ಮಾಡುವ ದಿನ ಏನೇನು ನೋಡಿಕೊಳ್ಳಬೇಕು?

ಮಾರ್ಚ್ ಔಟ್ ಅನ್ನುತ್ತೇವಲ್ಲ, ಆ ದಿನ ಎಂಇಎಸ್, ಅಂದರೆ ಸೇನೆಯ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆಯವರು ಬಂದು ಪಟ್ಟಿ ಹಿಡಿದು ಪರಿಶೀಲಿಸುತ್ತಾರೆ. ಫ್ಯಾನ್, ಗೀಸರ್, ನಲ್ಲಿ, ಗಾಜು, ಮಂಚ, ಕುರ್ಚಿ ಎಲ್ಲ. ಒಳಗೆ ಬಂದ ದಿನ ಕೊಟ್ಟ ಪಟ್ಟಿಯ ಪ್ರತಿ ನಿಮ್ಮ ಹತ್ತಿರ ಇರಬೇಕು. ಆಗಲೇ ಒಡೆದಿದ್ದ ಸಿಂಕಿಗೆ ಈಗ ನಿಮ್ಮಿಂದ ದುಡ್ಡು ಕೇಳಿದರೆ ತೋರಿಸಲು ಬೇರೆ ಆಧಾರ ಇಲ್ಲ. ಹೊಸ ಮನೆಗೆ ಹೋದ ದಿನವೇ ಪ್ರತಿ ಕೋಣೆಯ ಫೋಟೊ ತೆಗೆದಿಡುವುದು ಇದಕ್ಕೇ.

ಯೂನಿಟ್ ರಿಯರ್‌ನಿಂದ, ಅಂದರೆ ಯೂನಿಟ್ ಫೀಲ್ಡ್‌ಗೆ ಹೋದಾಗ ಹಿಂದೆ ಉಳಿಯುವ ತಂಡದಿಂದ ಒಬ್ಬರನ್ನು ಜೊತೆಗೆ ಕಳಿಸಲು ಕೇಳಿ. ಕೇಳಿದರೆ ಕಳಿಸುತ್ತಾರೆ. ಕರೆಂಟ್, ನೀರಿನ ಬಿಲ್ ಕಟ್ಟಿದ ರಸೀದಿ, ಬಾಕಿ ಇಲ್ಲ ಎಂಬ ಕ್ಲಿಯರೆನ್ಸ್ ಎರಡೂ ಅದೇ ದಿನ ಕೈಗೆ ಬರಲಿ. ಆಮೇಲೆ ಅಂಚೆಯಲ್ಲಿ ಕಳಿಸುತ್ತೇವೆ ಅಂದರೆ ವಿನಯವಾಗಿಯೇ ಅಲ್ಲೇ ನಿಲ್ಲಿ.

ಪ್ಯಾಕರ್ಸ್ ಮೇಲೆ ನಂಬಿಕೆ ಇಡಬಹುದಾ? ಟ್ರಂಕ್‌ಗಳೇ ವಾಸಿಯಾ?

ಬಿಳಿ ಬಣ್ಣದಲ್ಲಿ ಹೆಸರು ಬರೆದ ಕಪ್ಪು ಟ್ರಂಕ್‌ಗಳನ್ನು ಯಾರೂ ಮಾರಬೇಡಿ. ರಟ್ಟಿನ ಡಬ್ಬ ಮಳೆಯಲ್ಲಿ ಕರಗುತ್ತದೆ, ಜೂನ್‌ನಿಂದ ಘಾಟಿ ದಾಟುವ ಲಾರಿಗೆ ಟಾರ್ಪಾಲು ಎಷ್ಟು ಕಟ್ಟಿದರೂ ಸಾಲದು. ಪಾತ್ರೆ, ಬಟ್ಟೆ, ಪುಸ್ತಕ ಟ್ರಂಕಿಗೆ. ಪ್ರತಿ ಟ್ರಂಕಿಗೆ ನಂಬರ್ ಹಾಕಿ, ಒಳಗೇನಿದೆ ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಮುಚ್ಚಳದ ಮೇಲೆ ಒಳಗಿರುವುದನ್ನು ಬರೆಯಬೇಡಿ. ಬೆಲೆಬಾಳುವುದು ಎಲ್ಲಿದೆ ಎಂದು ಕಳ್ಳನಿಗೆ ನೀವೇ ತೋರಿಸಿದಂತೆ.

ಪ್ಯಾಕರ್ಸ್‌ನವರ ಹತ್ತಿರ ದರವನ್ನು ಬರವಣಿಗೆಯಲ್ಲಿ ಪಡೆಯಿರಿ. ಸಾಮಾನಿನ ಪಟ್ಟಿಗೆ ಅವರ ಸಹಿ ಇರಲಿ. ಟ್ರಾನ್ಸಿಟ್ ಇನ್ಶೂರೆನ್ಸ್ ಮಾಡಿಸಿ. ಪೂರ್ತಿ ಹಣ ಮುಂಚೆ ಕೊಡಬೇಡಿ. ಹೆಂಗಸೊಬ್ಬಳೇ ಇದ್ದಾಳೆ ಎಂದು ಕಂಡರೆ ಲಾರಿ ಅರ್ಧ ದಾರಿಗೆ ಹೋದ ಮೇಲೆ ಜಾಸ್ತಿ ಕೇಳುವವರಿದ್ದಾರೆ. ಲೋಡ್ ಮಾಡುವ ದಿನ ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇರುವಂತೆ ನೋಡಿಕೊಳ್ಳಿ.

ಚಿನ್ನ, ಮೂಲ ದಾಖಲೆ, ಮಕ್ಕಳ ಲಸಿಕೆ ಕಾರ್ಡ್, ಔಷಧಿ, ಲ್ಯಾಪ್‌ಟಾಪ್ ಇವೆಲ್ಲ ಲಾರಿಗೆ ಹೋಗಬಾರದು. ನಿಮ್ಮ ಕೈಚೀಲದಲ್ಲೇ ಬರಬೇಕು.

ಗ್ಯಾಸ್, ಕರೆಂಟ್?

ಸಿಲಿಂಡರ್ ಮತ್ತು ರೆಗ್ಯುಲೇಟರ್ ಏಜೆನ್ಸಿಗೆ ವಾಪಸ್ ಕೊಟ್ಟು ಟರ್ಮಿನೇಷನ್ ವೋಚರ್ ಪಡೆಯಿರಿ. ಹೊಸ ಊರಿನಲ್ಲಿ ಅದನ್ನು ತೋರಿಸಿದರೆ ಸಂಪರ್ಕ ಸಿಗುತ್ತದೆ. ತುಂಬಿದ ಸಿಲಿಂಡರನ್ನು ಲಾರಿಗೆ ಏರಿಸಲೇಬೇಡಿ. ಕರ್ನಾಟಕದ ಬಾಡಿಗೆ ಮನೆ ಬಿಡುವುದಾದರೆ ಗೃಹಜ್ಯೋತಿಗೆ ಜೋಡಿಸಿದ ನಿಮ್ಮ ಆಧಾರನ್ನು ಆ ಮೀಟರಿನಿಂದ ಬಿಡಿಸಿ. ಇಲ್ಲದಿದ್ದರೆ ಮುಂದಿನ ಮನೆಗೆ ಅರ್ಜಿ ಹಾಕುವಾಗ ತೊಡಕು.

ಕಾರು ಅವರ ಹೆಸರಿನಲ್ಲಿದೆ. ಬೇರೆ ರಾಜ್ಯಕ್ಕೆ ಹೇಗೆ ಒಯ್ಯುವುದು?

12 ತಿಂಗಳಿಗಿಂತ ಜಾಸ್ತಿ ಇನ್ನೊಂದು ರಾಜ್ಯದಲ್ಲಿ ಇಟ್ಟುಕೊಳ್ಳುವ ಗಾಡಿಗೆ ಅಲ್ಲಿನ ನೋಂದಣಿ ಬೇಕು. ಅದಕ್ಕೆ ಹಳೆಯ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರಂ 28. ಅದರಲ್ಲಿ ಮಾಲೀಕರ ಸಹಿ ಇರಬೇಕು. ಸಾಲದ ಗಾಡಿಯಾದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಹೊಸ ಗಾಡಿ ಕೊಳ್ಳುವವರಿಗೆ 2021ರಲ್ಲಿ ಬಂದ ಬಿಎಚ್ (ಭಾರತ್) ಸರಣಿಯ ನಂಬರ್ ಅನುಕೂಲ. ಸೈನಿಕರು ಅದಕ್ಕೆ ಅರ್ಹರು, ರಾಜ್ಯ ಬದಲಾದಾಗ ನಂಬರ್ ಬದಲಾಯಿಸಬೇಕಿಲ್ಲ. ಮುಂದಿನ ಗಾಡಿ ನಿಮ್ಮ ಹೆಸರಿನಲ್ಲಿ ತೆಗೆದುಕೊಳ್ಳಬೇಕು ಅಂತಿದ್ದರೆ ಬಿಎಚ್ ಅರ್ಹತೆ ಯಾರ ಹೆಸರಿಗೆ ಬರುತ್ತದೆ ಎಂದು ಶೋರೂಮಿನಲ್ಲಿ ಕೇಳಿಯೇ ತೀರ್ಮಾನಿಸಿ.

ಪ್ರಯಾಣದ ಟಿಕೆಟ್, ಸಾಮಾನಿನ ಖರ್ಚು ಸಿಗುತ್ತಾ?

ಸಿಗುತ್ತದೆ. ಶಾಶ್ವತ ವರ್ಗಾವಣೆಗೆ ಕುಟುಂಬದ ಪ್ರಯಾಣ, ಹುದ್ದೆಗೆ ತಕ್ಕಷ್ಟು ತೂಕದ ಸಾಮಾನು ಸಾಗಣೆ, ಜೊತೆಗೆ ಮೂಲ ವೇತನದ ಮೇಲೆ ಲೆಕ್ಕ ಹಾಕುವ ಕಾಂಪೊಸಿಟ್ ಟ್ರಾನ್ಸ್‌ಫರ್ ಗ್ರಾಂಟ್ ಎಂಬ ವರ್ಗಾವಣೆ ಭತ್ಯೆ ಇದೆ. ರೈಲಿಗೆ ವಾರಂಟ್ (ದುಡ್ಡಿನ ಬದಲು ಕೊಟ್ಟು ಟಿಕೆಟ್ ಪಡೆಯುವ ಸೇನೆಯ ಚೀಟಿ) ಅಥವಾ ಡಿಫೆನ್ಸ್ ಟ್ರಾವೆಲ್ ಸಿಸ್ಟಮ್ ಮೂಲಕ ಟಿಕೆಟ್. ಇವೆಲ್ಲ ಯೂನಿಟ್ ಕಚೇರಿಯಿಂದ ಆಗಬೇಕಾದವು. ದೊಡ್ಡ ನಿಲ್ದಾಣಗಳಲ್ಲಿ ಎಂಸಿಒ, ಅಂದರೆ ಸೈನಿಕರ ಪ್ರಯಾಣ ನೋಡಿಕೊಳ್ಳುವ ಕಚೇರಿ ಇರುತ್ತದೆ, ಸೀಟಿನ ತೊಂದರೆ ಆದರೆ ಅಲ್ಲಿ ವಿಚಾರಿಸಿ.

ಲಾರಿ ರಸೀದಿ, ತೂಕದ ಚೀಟಿ, ಟಿಕೆಟ್, ಬೋರ್ಡಿಂಗ್ ಪಾಸ್ ಒಂದೂ ಬಿಸಾಡಬೇಡಿ. ಎಲ್ಲದರ ಫೋಟೊ ತೆಗೆದು, ಮೂಲ ಪ್ರತಿಯನ್ನು ಅವರಿಗೆ ಬೇಗ ತಲುಪಿಸಿ. ಕ್ಲೇಮ್ ಹಾಕಲು ಗಡುವು ಇರುತ್ತದೆ. 56 ಅಥವಾ 99 ಎಪಿಒ (ಸೇನೆಯ ಅಂಚೆ ಕಚೇರಿ) ವಿಳಾಸಕ್ಕೆ ಅಂಚೆ ಹೋಗುತ್ತದೆ. ಈ ಖರ್ಚುಗಳಲ್ಲಿ ಯಾವುದು ಸಿಗುತ್ತದೆ ಎಂದು ಯೂನಿಟ್‌ನ ಹೆಡ್ ಕ್ಲರ್ಕ್ ಹತ್ತಿರ ಮೊದಲೇ ಕೇಳಿಕೊಂಡರೆ ಎಷ್ಟು ಖರ್ಚು ಮಾಡಬಹುದು ಎಂಬ ಅಂದಾಜು ಸಿಗುತ್ತದೆ.

ನಾನು ಗರ್ಭಿಣಿ. ಈಗ ಹೊರಡಬಹುದಾ?

ಡಾಕ್ಟರು ಹೇಳಿದಂತೆ ಮಾಡಿ, ನೆಂಟರು ಹೇಳಿದಂತೆ ಅಲ್ಲ. ಹೊರಡುವುದಾದರೆ ಸ್ಕ್ಯಾನ್ ವರದಿಗಳು, ತಾಯಿ ಕಾರ್ಡ್, ಮಿಲಿಟರಿ ಆಸ್ಪತ್ರೆಯ ಕಾಗದಗಳು ಜೊತೆಗಿರಲಿ. ಹೊಸ ಊರು ತಲುಪಿದ ವಾರದಲ್ಲೇ ಅಲ್ಲಿನ ಆಸ್ಪತ್ರೆಯಲ್ಲಿ ಹೆಸರು ಬರೆಸಿ. ಭಾರ ಎತ್ತಬೇಡಿ, ಯಾರು ಏನೇ ಅಂದುಕೊಳ್ಳಲಿ. ಹೆರಿಗೆ ಊರಲ್ಲೇ ಆಗಲಿ ಎಂದು ತೀರ್ಮಾನಿಸಿದರೆ ಮನೆ ಸಾಗಿಸುವುದನ್ನು ಮುಂದೂಡಲು ಯೂನಿಟ್‌ಗೆ ಬರೆಯಿರಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಫೋನ್ ಸಿಗುವುದೇ ವಾರಕ್ಕೊಮ್ಮೆ. ಏನು ಮಾತಾಡಲಿ?

ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅವರಿಂದಲೇ ಆಗಬೇಕಾದ್ದು ಮೊದಲು. ಯಾವ ಪತ್ರ ಬೇಕು, ಯಾರ ನಂಬರ್ ಬೇಕು. ಅದು ಮುಗಿದ ಮೇಲೆ ಮಕ್ಕಳ ಕೈಗೆ ಫೋನ್ ಕೊಡಿ. ಸೋರುವ ನಲ್ಲಿ, ಮನೆ ಓನರ್ ಜೊತೆ ಆದ ಮಾತು, ಇವನ್ನು ಅವರು ಅಲ್ಲಿಂದ ಸರಿ ಮಾಡಲಾಗದು. ಮುಚ್ಚಿಡಿ ಅನ್ನುತ್ತಿಲ್ಲ. ಸರಿ ಮಾಡಿದ ಮೇಲೆ ಹೇಳಿ. ಕಾಯಿಲೆ, ದುಡ್ಡಿನ ದೊಡ್ಡ ವಿಷಯ ಮಾತ್ರ ತಡ ಮಾಡದೆ ಹೇಳಿ.

ಅವರು ಹೊರಡುವ ಮುಂಚೆಯೇ ಎಷ್ಟು ರೂಪಾಯಿವರೆಗಿನ ಖರ್ಚು ನೀವು ಕೇಳದೆ ಮಾಡಬಹುದು, ಯಾವ ಏರಿಯಾ ಇಬ್ಬರಿಗೂ ಒಪ್ಪಿಗೆ ಎಂದು ಮಾತಾಡಿಕೊಂಡಿರಿ. ಅದು ಇಬ್ಬರ ಮನಸ್ಸಿಗೂ ನೆಮ್ಮದಿ.

ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿಕೊಳ್ಳಬಹುದಾ? ಹಳೆಯ ಸೋಫಾ ಆನ್‌ಲೈನ್‌ನಲ್ಲಿ ಮಾರಬಹುದಾ?

ಯೂನಿಟ್ ಹೆಸರು, ಹೊರಡುವ ದಿನ, ರೈಲು, ಅವರು ಎಲ್ಲಿದ್ದಾರೆ ಎಂಬುದು ಎಲ್ಲೂ ಹಾಕಬೇಡಿ. 2020ರಲ್ಲಿ ಸೇನೆ 89 ಆಪ್‌ಗಳನ್ನು ಫೋನ್‌ಗಳಿಂದ ತೆಗೆಯಲು ಸೈನಿಕರಿಗೆ ಹೇಳಿತ್ತು, ಫೇಸ್‌ಬುಕ್ ಕೂಡ ಅದರಲ್ಲಿತ್ತು. ಅವರು ಅಷ್ಟು ಎಚ್ಚರದಲ್ಲಿರುವಾಗ ಮನೆಯಿಂದ ವಿಷಯ ಹೋಗಬಾರದು.

ಸೋಫಾ ಕ್ಯಾಂಪಸ್ ಒಳಗೇ ಮಾರಿ. ಆನ್‌ಲೈನ್‌ನಲ್ಲಿ ಕೊಳ್ಳುವವರಂತೆ ಬಂದು, ದುಡ್ಡು ಕಳಿಸುತ್ತೇನೆ ಕ್ಯೂಆರ್ ಸ್ಕ್ಯಾನ್ ಮಾಡಿ ಅನ್ನುವವರು ಮೋಸಗಾರರು. ದುಡ್ಡು ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. ಮೋಸ ಆಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಗು ಹೊರಡುವುದಿಲ್ಲ ಅಂತ ಹಟ ಮಾಡುತ್ತಿದೆ.

ಅಪ್ಪ ದೂರ, ಈಗ ಗೆಳೆಯರೂ ದೂರ. ಮಗುವಿಗೆ ಎರಡು ನಷ್ಟ ಒಟ್ಟಿಗೆ ಆಗುತ್ತಿದೆ, ಅಳಲು ಬಿಡಿ. ನೀನು ಫೌಜಿಯ ಮಗ, ಅಳಬಾರದು ಅನ್ನುವ ಮಾತು ದಯವಿಟ್ಟು ಬೇಡ. ಒಂದು ಪುಟ್ಟ ಟ್ರಂಕ್ ಮಗುವಿಗೇ ಕೊಡಿ, ಏನು ಹಾಕಬೇಕೆಂದು ಅದೇ ನಿರ್ಧರಿಸಲಿ. ಹೊಸ ಮನೆಯಲ್ಲಿ ಮೊದಲು ಬಿಚ್ಚುವುದೂ ಅದನ್ನೇ. ಗೆಳೆಯರ ಮನೆಯ ನಂಬರ್ ಬರೆದುಕೊಳ್ಳಿ, ತಲುಪಿದ ಮೇಲೆ ಮರೆಯದೆ ಮಾತಾಡಿಸಿ. ರಾತ್ರಿ ನಿದ್ದೆ ಕೆಟ್ಟು, ಊಟ ಬಿಟ್ಟು ವಾರಗಟ್ಟಲೆ ಹಾಗೇ ಇದ್ದರೆ ಆಸ್ಪತ್ರೆಯ ಮಕ್ಕಳ ಡಾಕ್ಟರನ್ನು ಕಾಣಿ.

ವೋಟರ್ ಲಿಸ್ಟ್?

ಅವರು ಸರ್ವಿಸ್ ವೋಟರ್, ಅಂದರೆ ಸೇವೆಯಲ್ಲಿರುವವರ ಪ್ರತ್ಯೇಕ ಮತದಾರರ ಪಟ್ಟಿಯಲ್ಲಿ ಬರುವವರು. ಜೊತೆಯಲ್ಲೇ ವಾಸಿಸುವ ಸಂಗಾತಿಗೂ ಹಾಗೆ ಸೇರಲು ಅವಕಾಶವಿದೆ. ನೀವು ಬೇರೆ ಊರಿನಲ್ಲಿದ್ದರೆ ಸಾಮಾನ್ಯ ಮತದಾರರಾಗಿ ಫಾರಂ 8ರಲ್ಲಿ ವಿಳಾಸ ಬದಲಾಯಿಸಿಕೊಳ್ಳಿ.

ಏನಾದರೂ ಕೈಮೀರಿದರೆ ಯಾರನ್ನು ಕೇಳಲಿ?

ಮೊದಲು ಯೂನಿಟ್ ರಿಯರ್, ಅಲ್ಲಿನ ಸುಬೇದಾರ್ ಸಾಹೇಬರು. ಆಮೇಲೆ ಸ್ಟೇಷನ್‌ನಲ್ಲಿರುವ ಆವಾ, ಅಂದರೆ 1966ರಿಂದ ಇರುವ ಸೈನಿಕ ಪತ್ನಿಯರ ಕಲ್ಯಾಣ ಸಂಘ. ವಾಯುಪಡೆ, ನೌಕಾಪಡೆಯಲ್ಲೂ ಇಂಥ ಸಂಘಗಳಿವೆ. ಊರಿನಲ್ಲಿದ್ದು ಜಮೀನು, ನೆರೆಹೊರೆ, ಪೊಲೀಸ್ ವಿಷಯ ಬಂದರೆ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಗೆ ಹೋಗಿ. ಅದು ನಿವೃತ್ತರಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಸೇವೆಯಲ್ಲಿರುವವರ ಕುಟುಂಬವೂ ಹೋಗಬಹುದು. ಕಮಾಂಡಿಂಗ್ ಆಫೀಸರ್‌ರಿಂದ ಜಿಲ್ಲಾಧಿಕಾರಿಗೆ ಪತ್ರ ಬರೆಸುವ ದಾರಿಯೂ ಇದೆ.

ಭಾಷೆ ಬರುವುದಿಲ್ಲ ಎಂದು ಹಿಂಜರಿಯಬೇಡಿ. ತುಂಡು ಹಿಂದಿಯಲ್ಲೇ ಕೇಳಿ. ಅಲ್ಲಿರುವವರೆಲ್ಲ ಒಂದಲ್ಲ ಒಂದು ಕಡೆಯಿಂದ ಬಂದವರೇ.

ತಲುಪಿದ ಮೊದಲ ವಾರ ಏನು ಮಾಡಬೇಕು?

ಮೊದಲ ದಿನ ಮನೆಯ ಫೋಟೊ, ಸಾಮಾನು ಎಣಿಕೆ. ಒಡೆದದ್ದು, ಕಾಣೆಯಾದದ್ದು ಇದ್ದರೆ ಲಾರಿಯವರ ರಸೀದಿಯ ಮೇಲೆಯೇ ಬರೆದು ಸಹಿ ಹಾಕಿಸಿ, ಆಮೇಲೆ ಬಾಕಿ ಹಣ. ಮರುದಿನ ಶಾಲೆ. ಆ ವಾರದೊಳಗೆ ಆಸ್ಪತ್ರೆಯಲ್ಲಿ ನೋಂದಣಿ, ಕ್ಯಾಂಟೀನ್‌ನಲ್ಲಿ ಕಾರ್ಡ್ ನಡೆಯುತ್ತದೆಯೇ ಎಂದು ನೋಡುವುದು, ಗ್ಯಾಸ್. ಹೊಸ ವಿಳಾಸವನ್ನು ಅವರ ಯೂನಿಟ್ ಕಚೇರಿಗೆ, ಎರಡೂ ಕಡೆಯ ಅಪ್ಪ ಅಮ್ಮನಿಗೆ, ಬ್ಯಾಂಕಿಗೆ ತಿಳಿಸಿ. ಟ್ರಂಕ್ ಎಲ್ಲ ಒಂದೇ ದಿನ ಬಿಚ್ಚುವ ಹಟ ಬೇಡ. ಅಡುಗೆಮನೆ ಮತ್ತು ಮಕ್ಕಳ ಹಾಸಿಗೆ ಆದರೆ ಸಾಕು, ಉಳಿದದ್ದು ನಿಧಾನವಾಗಿ ಆಗಲಿ.